ತುಟಿಮಾತಿನ ಸಂಸಾರ

ನಮ್ಮ ಮನೆಯಲ್ಲಿ ನನ್ನ ವಿಷಯವನ್ನು ನನ್ನೆದುರಿಗೇ ಮಾತಾಡುತ್ತಾರೆ. ನನಗೆ ಮಾತ್ರ ಒಂದಕ್ಷರವೂ ಕೇಳಿಸುವುದಿಲ್ಲ. ಕಿವಿಯಲ್ಲಿ ದೋಷವಿದೆ ಎಂದುಕೊಳ್ಳಬೇಡಿ. ಬಟ್ಟೆ ಮಿಲ್ಲಿನ ಪ್ರಯೋಗಾಲಯದಲ್ಲಿ ಸದ್ದು ಅಳೆಯುವುದೂ ನನ್ನ ಕೆಲಸ. ನನ್ನ ಕಿವಿಗಳಿಗೆ ವರ್ಷಕ್ಕೆರಡು ಸಲ ಪರೀಕ್ಷೆಯಾಗುತ್ತದೆ. ದೋಷವಿರುವುದು ನಾನು ಹೆಣ್ಣು ತಂದ ಮನೆತನದಲ್ಲಿ.

ನನ್ನ ಹೆಂಡತಿ ಅದೇ ಮಿಲ್ಲಿನ ನೇಯ್ಗೆ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನಾಲ್ಕು ಮಗ್ಗ ನೋಡಿಕೊಳ್ಳುತ್ತಾಳೆ. ಅವಳಿಗಿಂತ ಮೊದಲು ಅವೇ ನಾಲ್ಕು ಮಗ್ಗಗಳನ್ನು ಅವಳ ತಾಯಿ, ಅಂದರೆ ಈಗ ನಮ್ಮ ಜೊತೆಗಿರುವ ಅತ್ತೆ, ಇಪ್ಪತ್ತೊಂಬತ್ತು ವರ್ಷ ಆಳಿದ್ದರು. (ಸಿಂಹಾಸನದಂತೆ ಮಗ್ಗವೂ ವಂಶಪಾರಂಪರ್ಯ.) ಆ ಶೆಡ್ಡಿನಲ್ಲಿ ನೂಲು ಹೊತ್ತ ಒಂದೊಂದು ಲಾಳಿಯೂ ನಿಮಿಷಕ್ಕೆ ನೂರ ಎಂಬತ್ತು ಸಲ ಅತ್ತಿಂದಿತ್ತ ಬಡಿದುಕೊಂಡು ಓಡುತ್ತದೆ. ಅಂಥ ಲಾಳಿಗಳು ನೂರಾ ಅರವತ್ತು. ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿನ ಹೆಂಗಸರು ದನಿಯನ್ನು ಬಿಟ್ಟುಬಿಟ್ಟಿದ್ದಾರೆ. ಬರೀ ತುಟಿ ಆಡಿಸುತ್ತಾರೆ. ಶೆಡ್ಡಿನ ಈ ಮೂಲೆಯಲ್ಲಿ ಒಬ್ಬಳ ತುಟಿ ಅಲುಗಿದರೆ ಆ ಮೂಲೆಯಲ್ಲಿ ಇನ್ನೊಬ್ಬಳು ನಗುತ್ತಾಳೆ. ಯಂತ್ರ ಕಂಡುಹಿಡಿದ ಪುಣ್ಯಾತ್ಮ ಬಟ್ಟೆಯ ಜೊತೆಗೆ ಒಂದು ಭಾಷೆಯನ್ನೂ ನೇಯ್ದುಬಿಟ್ಟ. ಅದರ ಫಲಾನುಭವಿ ನಾನು.

ಊಟಕ್ಕೆ ಕೂತಾಗ ಅತ್ತೆಯ ತುಟಿ ಅಲುಗುತ್ತದೆ. ಹೆಂಡತಿಯ ತುಟಿ ಅಲುಗುತ್ತದೆ. ಇಬ್ಬರೂ ನನ್ನತ್ತ ನೋಡುತ್ತಾರೆ. ಆಮೇಲೆ ಹೆಂಡತಿ ಗಟ್ಟಿಯಾಗಿ, "ಇನ್ನೊಂದು ಸ್ವಲ್ಪ ಬಡಿಸ್ಲಾ?" ಎನ್ನುತ್ತಾಳೆ.

ಹನ್ನೊಂದು ವರ್ಷ ಸಹಿಸಿದೆ. ಸಹನೆ ಮುಗಿದದ್ದು ಮಿಲ್ಲಿಗೆ ಹೊಸ ಮಗ್ಗಗಳು ಬರುವ ಸುದ್ದಿಯಿಂದ. ಅದಕ್ಕೆ ಕಾರಣನೂ ನಾನೇ. ಶೆಡ್ಡಿನ ಹದಿನೆಂಟು ಕಡೆ ನಿಂತು ಅಳೆದು, ಸರಾಸರಿ ನೂರಮೂರು ಡೆಸಿಬೆಲ್, ಇದು ಮನುಷ್ಯರ ಕಿವಿಗೆ ಆಗದು ಎಂದು ಹನ್ನೆರಡು ಪುಟದ ವರದಿ ಬರೆದಿದ್ದೆ. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಜೊತೆ ಕಿವಿ, ಹೆಂಡತಿಯದು. (ಅದರಲ್ಲಿ ಎಡಗಡೆಯದು ಆಗಲೇ ಸ್ವಲ್ಪ ಮಂದ.) ಆಡಳಿತದವರು ವರದಿಯನ್ನು ಮೆಚ್ಚಿ, ಲಾಳಿಯೇ ಇಲ್ಲದ ಮಗ್ಗ ತರಿಸುವುದಾಗಿ ನೋಟೀಸು ಹಾಕಿದರು. ಸದ್ದು ಕಡಿಮೆ. ಆದರೆ ನಾನು ಬರೆಯದಿದ್ದ ಒಂದು ಸಾಲೂ ಅದರಲ್ಲಿತ್ತು: ಒಬ್ಬರು ಹದಿನಾರು ಮಗ್ಗ ನೋಡಿಕೊಳ್ಳಬಹುದಾದ್ದರಿಂದ, ನಲವತ್ತು ಜನರಲ್ಲಿ ಹತ್ತು ಜನ ಸಾಕು. ಬೇಕಾದವರು ಪರೀಕ್ಷೆ ಬರೆಯಬೇಕು. ಪರೀಕ್ಷೆಗೂ ಪಟ್ಟಿಗೂ ಸೇರಿ ಹದಿನೈದು ದಿನ ಗಡುವು.

ನೋಟೀಸು ಬಿದ್ದ ದಿನ ಹೆಂಡತಿ ಮನೆಗೆ ಬಂದು ಚಪ್ಪಲಿ ಬಿಟ್ಟಳು, ಮುಖ ತೊಳೆದಳು, ಅತ್ತೆಯ ಎದುರು ಕೂತಳು. ಮುಕ್ಕಾಲು ಗಂಟೆ ಇಬ್ಬರ ತುಟಿಗಳೂ ಬಿಡುವಿಲ್ಲದೆ ಆಡಿದವು. ನನಗೆ ಸಿಕ್ಕಿದ್ದು "ದೀಪ ಹಾಕ್ರಿ" ಎಂಬ ಎರಡೇ ಪದ.

ನೇರವಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬೇಕಾದ ಪ್ರಶ್ನೆ ಯಾವುದು ನೋಡಿ: 'ನನ್ನ ವರದಿಯಿಂದ ನಿನ್ನ ಕೆಲಸ ಹೋಗುತ್ತಾ?' ಇಂಥ ಪ್ರಶ್ನೆ ನಾಲಿಗೆಯ ತನಕ ಬಂದು ಅಲ್ಲೇ ಬಿಡಾರ ಹೂಡುತ್ತದೆ. ನಾನು ಕೂತಲ್ಲಿ ಕೂರಲಾರದೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗತೊಡಗಿದೆ.

"ರೀ, ಸ್ವಲ್ಪ ಕೂತ್ಕೊಳ್ರಿ. ದಿನವಿಡೀ ಲಾಳಿ ನೋಡಿ ಬಂದಿರ್ತೀನಿ, ಮನೇಲೂ ಅದೇ ನೋಡ್ಬೇಕಾ?"

ಆಗ ಹೊಳೆಯಿತು: ತುಟಿಭಾಷೆಯನ್ನು ನಾನೇ ಕಲಿತರೆ? ನಾನು ವಿಜ್ಞಾನದ ಪದವೀಧರ. ಶೆಡ್ಡಿನ ಹೆಂಗಸರು ಊಟದ ಬಿಡುವಿನಲ್ಲಿ ಕಲಿತದ್ದನ್ನು ನಾನು ಕ್ರಮಬದ್ಧವಾಗಿ ಕಲಿಯಲಾರೆನೇ? ಬೆಳಿಗ್ಗೆ ನಲವತ್ತು ನಿಮಿಷ ಬಚ್ಚಲುಮನೆಯ ಕನ್ನಡಿಯೆದುರು ನಿಂತು, ಒಂದೊಂದೇ ಅಕ್ಷರ ಉಚ್ಚರಿಸಿ, ತುಟಿಯ ಆಕಾರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೆಯ ದಿನವೇ ಮಹತ್ವದ ಸಂಶೋಧನೆಯಾಯಿತು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕನ್ನಡಿಯಲ್ಲಿ ಅಪ್ಪನೂ ಒಂದೇ, ಅಮ್ಮನೂ ಒಂದೇ. ಇನ್ನು ಕ, ಗ, ಹ ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಅಡಗುವ ಭೂಗತ ಜೀವಿಗಳು.

ಬಾಗಿಲು ಬಡಿದ ಸದ್ದಾಯಿತು. "ಅಳಿಯಂದ್ರೇ, ಒಳಗೆ ಸ್ನಾನ ಮಾಡ್ತಿದೀರೋ, ಸಂಸಾರ ಹೂಡಿದೀರೋ?"

ಹನ್ನೆರಡನೆಯ ದಿನಕ್ಕೆ ನಲವತ್ತೊಂದು ಪದ ವಶವಾಗಿದ್ದವು. ಊಟದ ಹೊತ್ತಿಗೆ ಅತ್ತೆಯ ತುಟಿಯಲ್ಲಿ 'ಉಪ್ಪು' ಕಂಡಿತು. 'ಉಬ್ಬು' ಎಂದೂ ಇರಬಹುದಿತ್ತು. ಪಲ್ಯ ಬಾಯಿಗಿಟ್ಟೆ. ಉಪ್ಪೇ ಇಲ್ಲ! ಪ್ರಯೋಗ ಯಶಸ್ವಿ. ಸಪ್ಪೆ ಪಲ್ಯವನ್ನು ಅಷ್ಟು ಸಂಭ್ರಮದಿಂದ ತಿಂದವನು ಲೋಕದಲ್ಲಿ ನಾನೊಬ್ಬನೇ.

ಗಡುವಿನ ಕೊನೆಯ ದಿನ, ಶನಿವಾರ ಮಧ್ಯಾಹ್ನ, ಮೂವರೂ ಊಟಕ್ಕೆ ಕೂತಿದ್ದೆವು. ಹೆಂಡತಿಯ ತುಟಿಗಳು ಬಿರುಸಾಗಿ ಆಡತೊಡಗಿದವು. ನಾನು ಮುಂದಕ್ಕೆ ಬಾಗಿದೆ. ಇನ್ನಷ್ಟು ಬಾಗಿದೆ.

"ಸಾಕು ಅಳಿಯಂದ್ರೇ, ಕಣ್ಣು ಕಳಚಿ ತಟ್ಟೆಗೆ ಬಿದ್ದೀತು," ಎಂದರು ಅತ್ತೆ, ಅಕ್ಕಪಕ್ಕದ ಮೂರು ಮನೆಗೆ ಕೇಳುವಂತೆ. "ನೀವು ತುಟಿ ಓದೋಕೆ ಕಲೀತಿರೋದು ಮೊದಲ್ನೇ ದಿನಾನೇ ಗೊತ್ತಾಯ್ತು."

"ಯಾರು ಹೇಳಿದ್ರು?"

"ನೀವೇ."

"ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಅತ್ತೆ! ಮನಸ್ಸಿನಲ್ಲೇ ಅಂದ್ಕೊಂಡೆ, ಅಷ್ಟೆ."

ಹೆಂಡತಿ ನಗು ತಡೆಯಲು ನೀರು ಕುಡಿದಳು. "ರೀ, ನೀವು ಮನಸ್ಸಿನಲ್ಲಿ ಏನಂದ್ಕೊಂಡ್ರೂ ತುಟಿ ಆಡಿಸ್ತೀರಿ. ಮದುವೆ ಆದಾಗಿಂದ ನೋಡ್ತಾ ಇದೀನಿ."

ಲೆಕ್ಕ ಹಾಕಿದೆ. ಹನ್ನೊಂದು ವರ್ಷ. ದಿನಕ್ಕೆ ಹತ್ತು ಮನದಾಳದ ಮಾತು ಎಂದು ಹಿಡಿದರೂ ನಲವತ್ತು ಸಾವಿರದ ನೂರ ಐವತ್ತು (ಅಧಿಕ ವರ್ಷಗಳನ್ನು ಬಿಟ್ಟು).

"ಹಾಗಾದ್ರೆ ಅತ್ತೆ... ಹೋದ ತಿಂಗಳು ನೀವು ಮೂರನೇ ಸಲ ಟೀ ಕೇಳಿದಾಗ..."

"'ಈ ಮುದುಕಿ ಹೊಟ್ಟೇಲಿ ಕೆರೆ ಇದೆಯಾ' ಅಂದ್ರಿ. ಇರ್ಲಿ ಬಿಡಿ. ಟೀ ಚೆನ್ನಾಗಿತ್ತು."

ಹೆಂಡತಿ ಲೋಟ ಕೆಳಗಿಟ್ಟಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಹದಿನೈದು ದಿನದಿಂದ ನಿಮ್ಮ ತುಟಿ ಮೇಲೆ ಒಂದೇ ಮಾತು. 'ಕೇಳ್ಲಾ, ಬೇಡ್ವಾ. ಕೇಳ್ಲಾ, ಬೇಡ್ವಾ.' ಎರಡು ದಿನದಲ್ಲಿ ಕೇಳ್ತಾರೆ ಅಂದ್ಳು ಅಮ್ಮ. ಇವ್ರು ಕೇಳೋದೇ ಇಲ್ಲ ಅಂದೆ ನಾನು. ನಾನೇ ಗೆದ್ದೆ, ನೋಡಿ."

ಗೆದ್ದವಳ ದನಿಯಲ್ಲಿ ಗೆಲುವಿರಲಿಲ್ಲ. ಕೆಲವು ಪ್ರಶ್ನೆಗಳನ್ನು ಓದಿಕೊಂಡರೆ ಸಾಲದು, ಕೇಳಿಸಿಕೊಳ್ಳಲೇಬೇಕು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

"ನನ್ನ ವರದಿಯಿಂದ," ದನಿ ತೆಗೆದೇ ಕೇಳಿದೆ, "ನಿನ್ನ ಕೆಲಸ ಹೋಯ್ತಾ?"

"ಇಲ್ಲ ಕಣ್ರೀ. ಪರೀಕ್ಷೆ ಬರೆದೆ. ಇವತ್ತು ಬೆಳಿಗ್ಗೆ ಪಟ್ಟಿ ಹಾಕಿದ್ರು. ಮೂರನೇ ಸ್ಥಾನ."

"ಮೊದಲ್ನೇದು ಯಾರಿಗೆ?" ಎಂದು ಬಾಯಿಗೆ ಬಂದೇಬಿಟ್ಟಿತು.

"ನೋಡಮ್ಮಾ, ಇವ್ರನ್ನ!" ಎಂದಳು. ಸ್ವಲ್ಪ ಹೊತ್ತು ಅನ್ನ ಕಲಸಿದಳು. "ಎದುರು ಮಗ್ಗದವಳ ಹೆಸರು ಬಂದಿಲ್ಲ. ಹದಿನಾಲ್ಕು ವರ್ಷ ದಿನಾ ಮಾತಾಡ್ತಿದ್ವಿ, ಅವಳ ದನಿ ಹೇಗಿದೆ ಅಂತ ನಂಗೆ ಸರಿಯಾಗಿ ಗೊತ್ತೇ ಇಲ್ಲ. ಸೋಮವಾರದಿಂದ ಶೆಡ್ಡಲ್ಲಿ ತುಟಿ ಆಡಿಸೋಕೆ ಯಾರಿದಾರೆ? ಅದಕ್ಕೇ ಅಮ್ಮನ ಹತ್ರ ಆಡಿಸ್ತಾ ಇದ್ದೆ."

ಮನಸ್ಸಿನಲ್ಲೇ ಏನೋ ಹೇಳಿಕೊಂಡೆನೆಂದು ಕಾಣುತ್ತದೆ. ಅವಳು ನನ್ನ ತುಟಿ ನೋಡಿ, "ಪರವಾಗಿಲ್ಲ ಬಿಡಿ," ಎಂದಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅತ್ತೆ ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತರು. "ಅಂದಹಾಗೆ, ಮಂಗಳವಾರ ಆಡಿದ ಮಾತು ನೆನಪಿದೆ ತಾನೇ?"

"ಯಾವ ಮಾತು ಅತ್ತೆ?"

"ಇದೇ ಕಿಟಕಿ ಹತ್ರ ನಿಂತಿದ್ರಲ್ಲ. 'ಅವಳ ಕೆಲಸ ಒಂದು ಉಳಿದ್ರೆ ಸಾಕು, ಇನ್ಮೇಲೆ ಪಾತ್ರೆ ಎಲ್ಲಾ ನಾನೇ ತೊಳೀತೀನಿ' ಅಂದ್ರಿ."

"ಅದು... ಅದು ನನ್ನೊಳಗಿನ ಮಾತು!"

"ಒಳಗಿನದೋ ಹೊರಗಿನದೋ, ನೋಡಿದವ್ರು ಇಬ್ರಿದೀವಿ," ಎಂದಳು ಹೆಂಡತಿ, ತನ್ನ ತಟ್ಟೆಯನ್ನು ನನ್ನ ತಟ್ಟೆಯ ಮೇಲಿಟ್ಟು.

ಸಿಂಕಿನ ಮುಂದೆ ನಿಂತಾಗ ಒಂದು ಸಮಾಧಾನವಿತ್ತು. ಎದುರಿಗೆ ಗೋಡೆ, ಅವರಿಬ್ಬರಿಗೆ ಕಾಣುವುದು ನನ್ನ ಬೆನ್ನು ಮಾತ್ರ. ಮನೆಯಲ್ಲಿ ಸ್ವತಂತ್ರವಾಗಿ ಯೋಚಿಸಲು ಕೊನೆಗೂ ಒಂದು ಜಾಗ ಸಿಕ್ಕಿತು. ಹನ್ನೆರಡು ಪುಟದ ವರದಿ ಬರೆದ ಕೈಯಲ್ಲಿ ಹನ್ನೆರಡು ಪಾತ್ರೆ ತಿಕ್ಕುತ್ತ, ಅತ್ತೆಯ ಬಗ್ಗೆ ಹನ್ನೊಂದು ವರ್ಷದ ಬಾಕಿಯನ್ನೆಲ್ಲ ಮನಸ್ಸಿನಲ್ಲೇ ಸಾವಕಾಶವಾಗಿ ತೀರಿಸುತ್ತ, ಕೊನೆಯ ಸ್ಟೀಲು ತಟ್ಟೆಯನ್ನು ತೊಳೆದು ಬೆಳಕಿಗೆ ಎತ್ತಿ ಹಿಡಿದೆ.

ಹಿಂದಿನಿಂದ ಅತ್ತೆಯ ದನಿ ಬಂತು.

"ಅಳಿಯಂದ್ರೇ, ಆ ತಟ್ಟೇನ ಇನ್ನೊಂದ್ಸಲ ತಿಕ್ಕಿ. ಅದ್ರಲ್ಲಿ ನಿಮ್ಮ ಮುಖ ಮಸುಕಾಗಿ ಕಾಣ್ತಿದೆ. 'ನಮ್ಮತ್ತೆ' ಅನ್ನೋವರೆಗೂ ಗೊತ್ತಾಯ್ತು. ಆಮೇಲೆ ಏನಂದ್ರಿ?"