ಭಾವನ ಹುಂಜ

ಹುಂಜ ಕೂಗಬಾರದಿತ್ತು. ಕೂಗುವುದು ಅದರ ಹುಟ್ಟುಗುಣ, ಒಪ್ಪೋಣ. ಆದರೆ ಕಯೊಂಡೊನ ಮಂಚದ ಕೆಳಗೆ, ಬುಟ್ಟಿಯೊಳಗೆ, ಹಳೆಯ ರೇನ್‌ಕೋಟು ಹೊದ್ದು ಕೂತಿದ್ದ ಆ ಹುಂಜ ಅದೊಂದು ಬೆಳಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಅವನ ಪಾಡು ಹೀಗಾಗುತ್ತಿರಲಿಲ್ಲ.

ಕಯೊಂಡೊ ಕೆಲಸ ಮಾಡುತ್ತಿದ್ದುದು ವಿಕ್ಟೋರಿಯಾ ಸರೋವರದ ನಡುವಿನ ಒಂದು ದ್ವೀಪದಲ್ಲಿ. ಬೇಟೆಗಾರರ, ಕಳ್ಳಸಾಗಣೆದಾರರ ಕೈಯಿಂದ ಬಿಡಿಸಿ ತಂದ ಅನಾಥ ಚಿಂಪಾಂಜಿಗಳನ್ನು ಸಾಕುವ ಜಾಗ ಅದು. ಅಲ್ಲಿ ಕೋಳಿ ತರಕೂಡದು. ಕೋಳಿಯ ರೋಗ ಚಿಂಪಾಂಜಿಗೆ ತಗುಲೀತು ಎಂದು ಡಾಕ್ಟರ್ ಅಚೆಂಗ್ ಅವರ ಕಟ್ಟಪ್ಪಣೆ. ಅಲ್ಲಿಗೆ ವೈದ್ಯೆಯೂ ಅವರೇ, ಯಜಮಾನಿಯೂ ಅವರೇ. ಒಂದು ಸಲ ಸೀನಿದ ಕೆಲಸಗಾರನನ್ನು ದೋಣಿ ಹತ್ತಿಸಿ ಮನೆಗೆ ಕಳಿಸುವ ಹೆಂಗಸು ಕೋಳಿಯನ್ನು ಸುಮ್ಮನೆ ಬಿಡುತ್ತಾರೆಯೆ?

ಆದರೆ ಕಯೊಂಡೊ ತಾನೆ ಏನು ಮಾಡಿಯಾನು? ಅವತ್ತು ಮಧ್ಯಾಹ್ನ ಆಚೆ ದಡದಲ್ಲಿ, ಅವನು ಮೆಚ್ಚಿದ ಹುಡುಗಿ ನಮುತೆಬಿಯ ಮನೆಯಲ್ಲಿ ಹೆಣ್ಣು ಕೇಳುವ ಶಾಸ್ತ್ರ. ಹಸು ಕೊಡಿ, ಸಕ್ಕರೆ ಮೂಟೆ ಕೊಡಿ, ಅವಳ ಸೋದರತ್ತೆಗೆ ಸೀರೆಯಗಲದ ರೇಷ್ಮೆ ಕೊಡಿ. ಹುಡುಗಿಯ ಅಣ್ಣನ ಕೈಗೆ ಜೀವಂತ ಹುಂಜ ಕೊಡದೆ ಬುಗಾಂಡ ಸೀಮೆಯಲ್ಲಿ ಯಾರಿಗೂ ಹೆಂಡತಿ ಸಿಕ್ಕಿದ್ದಿಲ್ಲ. ಮೇಲಾಗಿ ನಮುತೆಬಿಯ ಅಣ್ಣ ಕಿಗೊಂಗೊಗೆ ಕೋಳಿಗಳ ಹುಚ್ಚು. ಕಯೊಂಡೊನ ತಾಯಿ ಸಾಕಿದ ಈ ಕೆಂಪು ಹುಂಜದ ಫೋಟೊವನ್ನು ಮೊದಲೇ ತರಿಸಿಕೊಂಡು, ಅದರ ಬಾಲವನ್ನು ದೊಡ್ಡದು ಮಾಡಿ ಮಾಡಿ ನೋಡಿ, ಊರಿಗೆಲ್ಲ ತೋರಿಸಿದ್ದ. ಬೇರೆ ಹುಂಜ ಒಯ್ಯುವ ಮಾತೇ ಇರಲಿಲ್ಲ.

ಕೂಗು ಕೇಳಿ ಪಕ್ಕದ ಕೋಣೆಯ ಲುಟಾಯ ಬಾಗಿಲು ಬಡಿಯದೆ ಒಳಗೆ ಬಂದ. ಕೆಲಸದಲ್ಲಿ ಕಯೊಂಡೊಗಿಂತ ಹಿರಿಯ. ಅವತ್ತಿನ ಶಾಸ್ತ್ರಕ್ಕೆ ಗಂಡಿನ ಕಡೆಯ ಮಾತುಗಾರನೂ ಅವನೇ. ಕೇಳದೆ ಸಲಹೆ ಕೊಡುವುದರಲ್ಲಿ ಅವನನ್ನು ಮೀರಿಸುವವರು ಇಡೀ ಸರೋವರದಲ್ಲಿರಲಿಲ್ಲ.

"ಏನೋ ಅದು, ಮದುಮಗ?"

"ಮೊಬೈಲು, ಅಣ್ಣ. ಅಲಾರಂ."

ಮಂಚದ ಕೆಳಗಿನ ಅಲಾರಂ ರೆಕ್ಕೆ ಬಡಿದು ಮತ್ತೊಮ್ಮೆ ಕೂಗಿತು.

"ಒಳ್ಳೆ ಕಂಪನಿ ಮೊಬೈಲು," ಎಂದ ಲುಟಾಯ. "ಥೂ ನಿನ್ನ! ಡಾಕ್ಟ್ರಮ್ಮ ಈಗ ಈ ಕಡೆ ಬರ್ತಾರೆ ಕಣೋ. ನಾನು ಹೇಳ್ದಂಗೆ ಕೇಳು. ಇದನ್ನ ತಗೊಂಡು ಹೋಗಿ ಚಿಂಪಾಂಜಿ ಮನೆ ಓಣೀಲಿ ಇಡು. ಅವುಗಳ ಕಿರುಚಾಟದಲ್ಲಿ ಹುಂಜ ಕೂಗಿದ್ರೆ ಯಾರಿಗೆ ಕೇಳುತ್ತೆ?"

ಇಂಥ ಸಲಹೆಗಳಲ್ಲಿ ಒಂದು ವಿಶೇಷ ಇರುತ್ತದೆ. ಕೇಳುವಾಗ ಬಹಳ ಸರಿಯಾಗಿ ಕೇಳಿಸುತ್ತವೆ. ಕಯೊಂಡೊ ಗಮ್‌ಬೂಟು ಏರಿಸಿ, ಬುಟ್ಟಿಯನ್ನು ರೇನ್‌ಕೋಟಿನಡಿ ಮುಚ್ಚಿಕೊಂಡು, ಬಸುರಿಯಂತೆ ನಡೆದು ಹೋಗಿ ಓಣಿಯಲ್ಲಿಟ್ಟ.

ಅಡುಗೆಯ ಬಿರುಂಗಿ ಗಂಜಿಯ ಬಕೆಟ್ಟು ಇಳಿಸಿಕೊಟ್ಟಳು. ಚಿಂಪಾಂಜಿಗಳು ಸಾಲಾಗಿ ಕಿಂಡಿಯಿಂದ ಮಗ್ಗು ಚಾಚಿ ಗಂಜಿ ಹಾಕಿಸಿಕೊಂಡು, ಕುಡಿದು, ಮಗ್ಗು ವಾಪಸು ಕೊಟ್ಟು, ಒಂದೊಂದಾಗಿ ಕಾಡಿಗೆ ಹೊರಟವು. ಉಳಿದವಳು ಕೊನೆಯ ಕೋಣೆಯ ಸುಬಿ ಒಬ್ಬಳೇ. ಹೊಸಬಳು, ಇನ್ನೂ ಎಳೆಯ ಹುಡುಗಿ. ಗಡಿಯಲ್ಲಿ ಯಾವುದೋ ಲಾರಿಯ ಮರದ ಪೆಟ್ಟಿಗೆಯೊಳಗೆ ಸಿಕ್ಕವಳು. ಬಂದಂದಿನಿಂದ ಗೋಡೆಗೆ ಮುಖ ಮಾಡಿ ಕೂತಿದ್ದಳು. ಗಂಜಿ ಮುಟ್ಟುತ್ತಿರಲಿಲ್ಲ, ಹಣ್ಣು ಮುಟ್ಟುತ್ತಿರಲಿಲ್ಲ. ಕಯೊಂಡೊ ಇವತ್ತಾದರೂ ಕುಡಿಯಲಿ ಎಂದು ಮಗ್ಗು ಹಿಡಿದು ಅವಳ ಕಿಂಡಿಯೆದುರು ಬಗ್ಗಿದ. ಬಗ್ಗುವಾಗ ಕಾಲು ತಾಗಿ ಬುಟ್ಟಿ ಉರುಳಿತು. ಹುಂಜ ಹೊರಗೆ ಬಂದು, ಜಗತ್ತಿನಲ್ಲಿ ಓಡಲು ಅಷ್ಟು ಜಾಗವಿದ್ದರೂ, ನೆಟ್ಟಗೆ ಕಿಂಡಿಯ ಬಳಿಗೇ ಹೋಗಿ ಕತ್ತು ಚಾಚಿತು.

ಒಂದು ಉದ್ದನೆಯ ಕಪ್ಪು ಕೈ ಹೊರಬಂತು. ಹುಂಜ ಒಳಗೆ ಹೋಯಿತು.

ಕಯೊಂಡೊ ಕಣ್ಣು ಮುಚ್ಚಿಕೊಂಡ. ಪುಕ್ಕ ಹಾರುವ ಸದ್ದು, ಕೊನೆಯುಸಿರಿನ ಸದ್ದು ಏನೂ ಕೇಳದಿದ್ದಾಗ ಕಣ್ಣು ತೆರೆದ. ಸುಬಿ ಹುಂಜವನ್ನು ಎದೆಗವಚಿಕೊಂಡು ತೂಗುತ್ತಿದ್ದಳು. ಅದರ ನೆತ್ತಿ ಮೂಸಿದಳು. ರೆಕ್ಕೆಯೆತ್ತಿ ಕಂಕುಳು ನೋಡಿದಳು. ಹುಂಜ ಗಾಬರಿಯಿಂದ ಕಲ್ಲಾಗಿ ಕೂತಿತ್ತು.

ಚಿಂಪಾಂಜಿಯ ಕೈಗೆ ಏನೇ ಸಿಕ್ಕಲಿ, ಕಿತ್ತುಕೊಳ್ಳಲು ಹೋಗಬಾರದು. ಹೋದರೆ ವಸ್ತುವೂ ಹೋಗುತ್ತದೆ, ಬೆರಳೂ ಹೋಗುತ್ತದೆ. ಕೊಟ್ಟು ತಗೊಳ್ಳಬೇಕು, ಅಲ್ಲಿನ ಪದ್ಧತಿ ಅದು. ಬೀಗದ ಕೈ ಹಾರಿಸಿದರೆ ಬಾಳೆಹಣ್ಣು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಕಯೊಂಡೊ ಬಾಳೆಹಣ್ಣು ಚಾಚಿದ. ಸುಬಿ ತಗೊಂಡು ತಿಂದಳು. ಹುಂಜ ಕೊಡಲಿಲ್ಲ.

"ಅಕ್ಕಾ, ಕಲ್ಲಂಗಡಿ ತಾ!" ಎಂದು ಅವನು ಕೂಗಿದ.

ಬಿರುಂಗಿ ಕಲ್ಲಂಗಡಿ ತಂದಳು. ಸುಬಿ ಅದನ್ನೂ ತಿಂದಳು. ಬಿರುಂಗಿ ಬೇಯಿಸಿದ ಮೊಟ್ಟೆ ತಂದಳು.

"ಅಕ್ಕಾ, ಹುಂಜದ ಎದುರಿಗೇ ಮೊಟ್ಟೆ ಕೊಡ್ತೀಯಲ್ಲ, ಮನಸ್ಸು ಬರುತ್ತಾ?"

"ನಿಂಗೆ ಹೆಂಡ್ತಿ ಬೇಕಾ, ಹುಂಜದ ಮನಸ್ಸು ಬೇಕಾ?" ಎಂದು ಬಿರುಂಗಿ ಗದರಿದಳು. ಸುಬಿ ಮೊಟ್ಟೆಯನ್ನೂ ತಿಂದು, ಬೆರಳು ಚೀಪಿ, ಮತ್ತೇನಿದೆ ಎಂಬಂತೆ ಕೈ ನೀಡಿದಳು. ಇನ್ನೊಂದು ಕೈಯಲ್ಲಿ ಹುಂಜ ಹಾಗೇ ಇತ್ತು.

ಅಷ್ಟರಲ್ಲಿ ಡಾಕ್ಟರ್ ಅಚೆಂಗ್ ಬಂದೇಬಿಟ್ಟರು. ಆಕೆ ನೆಲದ ಮೇಲಿನ ಸಿಪ್ಪೆಗಳನ್ನು ನೋಡಿದರು, ಸುಬಿಯನ್ನು ನೋಡಿದರು, ಹುಂಜವನ್ನು ನೋಡಿದರು.

"ಇವಳು ತಿಂದ್ಲಾ?"

"ತಿಂದ್ಲು, ಡಾಕ್ಟ್ರೇ."

"ಎಲ್ಲಾ ತಿಂದ್ಲಾ?"

"ಹುಂಜ ಒಂದು ಬಿಟ್ಟು ಎಲ್ಲಾ."

ಆಕೆಯ ಕಣ್ಣಲ್ಲಿ ನೀರು ಬಂತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ್ದ ಕಯೊಂಡೊನ ಭುಜ ತಟ್ಟಿ, "ಯಾರು ತಂದ್ರು, ಹೆಂಗೆ ತಂದ್ರು ಅಂತ ನಾನು ಇವತ್ತು ಕೇಳಲ್ಲ," ಎಂದರು. "ಹುಂಜದ ರಕ್ತ ಆಮೇಲೆ ಪರೀಕ್ಷೆ ಮಾಡೋಣ. ಅದು ಎಲ್ಲಿದೆಯೋ ಅಲ್ಲೇ ಇರ್ಲಿ. ಯಾರೂ ಮುಟ್ಟಬೇಡಿ."

"ಡಾಕ್ಟ್ರೇ, ಅದು ನನ್ನ ಭಾವನ ಹುಂಜ! ಅದಿಲ್ಲದೆ ನಂಗೆ ಹೆಣ್ಣು ಕೊಡಲ್ಲ!"

"ಭಾವನಿಗೆ ಬೇರೆ ಕೊಡಪ್ಪ. ಈ ಮಗು ಬದುಕಿದ್ದು ದೊಡ್ಡದಲ್ವಾ?" ಎಂದು ಆಕೆ ಫೋನು ಕಿವಿಗಿಟ್ಟು, ಯಾರಿಗೋ ಈ ಸಂತೋಷ ಹೇಳುತ್ತ ನಡೆದುಬಿಟ್ಟರು.

ಜಗತ್ತಿನಲ್ಲಿ ಬೈಯುವವರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು, ಹೀಗೆ ಭುಜ ತಟ್ಟುವವರಿಂದ ಸಾಧ್ಯವಿಲ್ಲ. ಕಯೊಂಡೊ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಸಿದ. ಅಷ್ಟರಲ್ಲಿ ಉದ್ದನೆಯ ಬಿಳಿ ನಿಲುವಂಗಿ ತೊಟ್ಟು, ಮೇಲೆ ಕೋಟು ಹಾಕಿ, ಸೆಂಟು ಪೂಸಿಕೊಂಡು ಲುಟಾಯ ಬಂದ.

"ದೋಣಿ ರೆಡಿ. ಹುಂಜ ಎಲ್ಲೋ?"

ಕಯೊಂಡೊ ಬೆರಳು ತೋರಿಸಿದ. ಒಳಗೆ ಸುಬಿ ಹುಂಜವನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು ಹೇನು ಹೆಕ್ಕುತ್ತಿದ್ದಳು. ಹುಂಜದಲ್ಲಿ ಅವಳಿಗೆ ಬೇಕಾದಂಥ ಹೇನು ಸಿಗದಿದ್ದರಿಂದ ಒಂದೊಂದೇ ಪುಕ್ಕ ಹೆಕ್ಕುತ್ತಿದ್ದಳು. ಬಾಲದಿಂದ ಶುರು ಮಾಡಿದ್ದಳು.

"ಅಯ್ಯೋ! ಭಾವನ ಫೋಟೊದಲ್ಲಿರೋದೇ ಬಾಲ ಕಣೋ!" ಎಂದು ಲುಟಾಯ ಚೀರಿದ. "ಹಾಡು ಹೇಳು. ಹಾಡು ಹೇಳಿದ್ರೆ ಗಮನ ಬೇರೆ ಕಡೆ ಹೋಗುತ್ತೆ."

ಕಯೊಂಡೊ ಹಾಡಿದ. ಸುಬಿ ಒಂದು ಹಿಡಿ ಸಿಪ್ಪೆ ಅವನ ಮುಖಕ್ಕೆ ಎಸೆದಳು.

ಅವನು ಮುಖ ಒರೆಸಿಕೊಂಡು ಕಿಂಡಿಯ ಪಕ್ಕ ಕಾಲು ಚಾಚಿ ಕೂತಾಗ ಯಾರೋ ಕಾಲು ಎಳೆದಂತಾಯಿತು. ಸುಬಿಯ ಬೆರಳು ಅವನ ಎಡಗಾಲಿನ ಗಮ್‌ಬೂಟನ್ನು ಸವರುತ್ತಿತ್ತು. ಕಯೊಂಡೊ ಬೂಟು ಕಳಚಿ ಕಿಂಡಿಯ ಮುಂದೆ ಹಿಡಿದ. ಸುಬಿ ಬೂಟನ್ನು ನೋಡಿದಳು. ಹುಂಜವನ್ನು ನೋಡಿದಳು. ಸಂತೆಯಲ್ಲಿ ಬದನೆಕಾಯಿ ಆರಿಸುವ ಗೃಹಿಣಿಯಂತೆ ಬಹಳ ಹೊತ್ತು ಯೋಚಿಸಿ, ಹುಂಜವನ್ನು ಹೊರಗೆ ನೂಕಿ, ಬೂಟನ್ನು ಎಳೆದುಕೊಂಡಳು. ಅದರೊಳಗೆ ಮುಖವಿಟ್ಟು ಮೂಸಿ, ಆನಂದದಿಂದ ನೆಲಕ್ಕೊರಗಿದಳು. ಹುಂಜದ ಕಡೆ ತಿರುಗಿಯೂ ನೋಡಲಿಲ್ಲ.

"ಓಡು!" ಎಂದ ಲುಟಾಯ. ಕಯೊಂಡೊ ಹುಂಜವನ್ನು ಬುಟ್ಟಿಗೆ ತುರುಕಿ, ಬಲಗಾಲಿನ ಬೂಟನ್ನು ಮೆಟ್ಟಿಲ ಬಳಿಯೇ ಕಳಚಿ ಎಸೆದು ಓಡಿದ. ಶಾಸ್ತ್ರದ ಬಟ್ಟೆ, ಚರ್ಮದ ಷೂ ಎಲ್ಲವನ್ನೂ ದೋಣಿಯಲ್ಲೇ ಹಾಕಿಕೊಂಡ.

ಹೆಣ್ಣಿನ ಮನೆಯಂಗಳದಲ್ಲಿ ಎದುರುಬದುರು ಚಪ್ಪರ. ಒಂದು ಕಡೆ ಹೆಣ್ಣಿನವರು, ಇನ್ನೊಂದು ಕಡೆ ಗಂಡಿನವರು. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ದಾರಿ ತಪ್ಪಿ ಬಂದಿರಾ ಎಂಬ ತಮಾಷೆಗಳೆಲ್ಲ ಮುಗಿದವು. ಹಸು, ಸಕ್ಕರೆ, ರೇಷ್ಮೆ ಎಲ್ಲ ಒಪ್ಪಿಗೆಯಾದವು. ನಮುತೆಬಿ ಹೊಳೆಯುವ ಬಟ್ಟೆಯಲ್ಲಿ ಚಾಪೆಯ ಮೇಲೆ ಕೂತು ಕಣ್ಣಂಚಿನಲ್ಲಿ ನಕ್ಕಾಗ ಬೆಳಗಿನ ಕಷ್ಟವೆಲ್ಲ ಮರೆತುಹೋಯಿತು. ಒಳಗಿನಿಂದ ಬಾಳೆಯೆಲೆಯಲ್ಲಿ ಬೆಂದ ಬಾಳೆಕಾಯಿ ಮುದ್ದೆ ಮಟೋಕೆಯ ಪರಿಮಳ ಬರುತ್ತಿತ್ತು. ಉಳಿದದ್ದು ಹುಂಜ ಒಂದೇ.

ಕಿಗೊಂಗೊ ಎದ್ದು ಬಂದ. ಪೈಲ್ವಾನನಂಥ ಆಳು, ಮುಖ ಮಾತ್ರ ಮಗುವಿನದು. ಬುಟ್ಟಿ ಕೈಗೆ ಬಂದಾಗ ಹುಂಜದ ಮುಖ ನೋಡಿ ಹಿಗ್ಗಿದ. ಕೊಟ್ಟದ್ದಾಯಿತು, ತಗೊಂಡದ್ದಾಯಿತು. ಹೆಂಗಸರು ಹರ್ಷದಿಂದ ಉಲಿದರು. ಆಮೇಲೆ ಕಿಗೊಂಗೊ ಹುಂಜವನ್ನು ಎತ್ತಿ ಹಿಂದಕ್ಕೆ ತಿರುಗಿಸಿದ.

ಉಲಿ ನಿಂತಿತು.

"ಬಾಲ ಎಲ್ಲಿ?" ಎಂದು ಕಿಗೊಂಗೊ ಕೇಳಿದ.

ಲುಟಾಯ ಥಟ್ಟನೆ ಎದ್ದು ನಿಂತ. "ಸ್ವಾಮಿ, ನಮ್ಮ ಕುಲದಲ್ಲಿ ಹಂಗೇ ಪದ್ಧತಿ. ಹೆಣ್ಣಿನ ಮನೆ ಮುಂದೆ ನಮ್ಮ ಹುಂಜಾನೂ ತಲೆಯೆತ್ತಿ ನಡೀಬಾರದು, ಬಾಲ ಎತ್ತಿ ನಡೀಬಾರದು ಅಂತ."

"ಯಾವ ಕುಲದ ಪದ್ಧತೀನಪ್ಪಾ ಅದು?" ಎಂದಳು ನಮುತೆಬಿಯ ಸೋದರತ್ತೆ. ಇಂಥ ಶಾಸ್ತ್ರಗಳಲ್ಲಿ ಅವಳ ಮಾತೇ ಕಡೆಯ ಮಾತು. "ನನ್ನ ಗಂಡಂದೂ ನಿಮ್ಮ ಕುಲಾನೇ. ನಾನು ಕೇಳೇ ಇಲ್ವಲ್ಲ."

ಲುಟಾಯ ಕೂತುಬಿಟ್ಟ. ಇಡೀ ಅಂಗಳ ಕಯೊಂಡೊನ ಕಡೆ ತಿರುಗಿತು. ಅವನು ಎದ್ದು, ನಿಜ ಹೇಳುವುದೇ ವಾಸಿ ಎಂದುಕೊಂಡು ಶುರು ಮಾಡಿದ. ಪೆಟ್ಟಿಗೆಯಲ್ಲಿ ಸಿಕ್ಕ ಸುಬಿಯ ಕಥೆ ಹೇಳಿದ. ಅನ್ನನೀರು ಬಿಟ್ಟು ಗೋಡೆ ನೋಡುತ್ತಿದ್ದುದನ್ನು ಹೇಳಿದ. ಹುಂಜವನ್ನು ಅವಳು ಎದೆಗವಚಿಕೊಂಡದ್ದನ್ನು, ಮೊದಲ ಬಾಳೆಹಣ್ಣು ತಿಂದದ್ದನ್ನು ಹೇಳಿದ. ಚಪ್ಪರದಲ್ಲಿ ಮೂಗು ಸೇದುವ ಸದ್ದು ಕೇಳಿತು. ಕಿಗೊಂಗೊನ ತುಟಿ ನಡುಗುತ್ತಿತ್ತು. ಮಾತು ಇಷ್ಟು ಚೆನ್ನಾಗಿ ನಾಟುತ್ತಿರುವಾಗ, ಗಮ್‌ಬೂಟಿನ ವಾಸನೆಗೆ ಅವಳು ಹುಂಜವನ್ನು ಮಾರಿಬಿಟ್ಟಳು ಎಂದು ಹೇಳಲು ಯಾರಿಗೆ ತಾನೆ ಮನಸ್ಸು ಬಂದೀತು?

"ಭಾವ, ನಾನು ಹುಂಜ ಎತ್ತಿಕೊಂಡು ಹೊರಟಾಗ," ಎಂದು ಕಯೊಂಡೊ ಗದ್ಗದಿತನಾಗಿ ಮುಂದುವರಿದ, "ಅವಳು ಕಿಂಡಿಯಿಂದ ಎರಡೂ ಕೈ ಚಾಚಿ ಅತ್ತಳು. ದೋಣಿ ಹೊರಟ ಮೇಲೂ ಆ ಅಳು ಕೇಳಿಸ್ತಾನೇ ಇತ್ತು. ಆದ್ರೂ ನಿಮಗೆ ಕೊಟ್ಟ ಮಾತು ದೊಡ್ಡದು ಅಂತ, ಕಲ್ಲು ಮನಸ್ಸು ಮಾಡ್ಕೊಂಡು ತಂದೆ."

ನಮುತೆಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂಗಳದ ತುಂಬ ಅಳು. ಗೆದ್ದೆ ಎಂದುಕೊಂಡ ಕಯೊಂಡೊ.

ಕಿಗೊಂಗೊ ಕಣ್ಣೊರೆಸಿಕೊಂಡು ಅವನ ಮುಂದೆ ಬಂದು ನಿಂತ. "ತಾಯಿಲ್ಲದ ಕೂಸಿನ ಕೈಯಿಂದ ಕಿತ್ಕೊಂಡಿದ್ದನ್ನ ನಾನು ಮನೇಲಿಟ್ಕೊಂಡು ಕಾಳು ಹಾಕ್ಲಾ? ಅಷ್ಟು ಪಾಪಿ ನಾನಲ್ಲ, ಕಣೋ. ಹಿಡಿ. ಈಗಲೇ ಹೋಗಿ ಅವಳಿಗೆ ಕೊಡು."

ಕಯೊಂಡೊಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಹುಂಜ ಅವನ ಕೈಯಲ್ಲಿತ್ತು. ಜನ ಚಪ್ಪಾಳೆ ತಟ್ಟಿದರು. ಅವನೂ ಗಾಬರಿಯಲ್ಲಿ ನಕ್ಕ.

"ಚಪ್ಪಾಳೆ ಆಮೇಲೆ," ಎಂದು ಸೋದರತ್ತೆ ಎದ್ದಳು. "ಅಣ್ಣ ಹುಂಜ ವಾಪಸು ಕೊಟ್ಟ ಅಂದ್ರೆ ಹೆಣ್ಣು ಕೊಡಲಿಲ್ಲ ಅಂತ ಅರ್ಥ. ನಮ್ಮಜ್ಜಿ ಕಾಲದಿಂದ ಇರೋದು. ಮನಸ್ಸಿಂದ ಕೊಟ್ಟನೋ, ಸಿಟ್ಟಿಂದ ಕೊಟ್ಟನೋ, ಯಾರೂ ಕೇಳಲ್ಲ. ಎಲ್ಲಾ ಮೊದಲಿಂದ ಆಗಬೇಕು."

"ಅತ್ತೆ, ಅವರು ಪ್ರೀತಿಯಿಂದ ಕೊಟ್ಟಿದ್ದು!"

"ಪ್ರೀತಿಯಿಂದಾನೇ ಹೋಗಿ ಬಾಪ್ಪ. ಮುಂದಿನ ಸುಗ್ಗಿ ಮುಗೀಲಿ, ಇನ್ನೊಂದು ಹುಂಜ ತಗೊಂಡು ಬಾ. ಬಾಲ ಇರೋದು."

"ಇವನನ್ನ ನೋಡಿ ಕಲೀರಿ," ಎಂದು ಕಿಗೊಂಗೊ ತನ್ನ ತಮ್ಮಂದಿರಿಗೆ ಹೇಳುತ್ತಿದ್ದ. "ಎಂಥ ಕರುಣೆ! ಕೊಟ್ರೆ ಇಂಥವನಿಗೇ ಹೆಣ್ಣು ಕೊಡ್ಬೇಕು."

"ಕೊಡಿ ಮತ್ತೆ!" ಎಂದು ಕಯೊಂಡೊ ಕೂಗಿದ. ಅವನ ಮಾತು ಯಾರಿಗೂ ಕೇಳಲಿಲ್ಲ. ಮಟೋಕೆ ಹೊರಗೆ ಬಂದಿತ್ತು, ಕಡಲೆಕಾಯಿ ಸಾರು ಬಂದಿತ್ತು. ಮಾಡಿದ ಅಡುಗೆ ಹಾಳಾಗಬಾರದೆಂದು ಲುಟಾಯ ಗಂಡಿನ ಕಡೆಯವರನ್ನೆಲ್ಲ ಕೂರಿಸಿದ್ದ. "ನೀನು ಹೋಗಿ ಬಾ, ಮದುಮಗ. ಅಲ್ಲಿ ಮಗು ಅಳ್ತಿದೆ," ಎಂದು ಬಾಯ್ತುಂಬ ತುತ್ತಿಟ್ಟುಕೊಂಡೇ ಬೀಳ್ಕೊಟ್ಟ. ನಮುತೆಬಿ ಮಾತ್ರ ಬೇಲಿಯವರೆಗೆ ಬಂದಳು. "ನೀನು ದೇವರಂಥೋನು," ಎಂದಳು. ಬೇರೆ ಯಾವತ್ತಾದರೂ ಹೇಳಿದ್ದರೆ ಅವನಿಗೆ ಎಷ್ಟು ಸಂತೋಷವಾಗುತ್ತಿತ್ತೋ!

ದ್ವೀಪಕ್ಕೆ ಬಂದಾಗ ಸಂಜೆ ಇಳಿಯುತ್ತಿತ್ತು. ಹಸಿದ ಹೊಟ್ಟೆ, ಒದ್ದೆಯಾದ ನಿಲುವಂಗಿ, ಕಂಕುಳಲ್ಲಿ ಬಾಲವಿಲ್ಲದ ಹುಂಜ. ಷೂ ಕೆಸರಾಗದಿರಲೆಂದು ದೋಣಿಯಲ್ಲೇ ಬಿಟ್ಟು ಬರಿಗಾಲಲ್ಲಿ ನಡೆದ. ನೇರವಾಗಿ ಕೊನೆಯ ಕೋಣೆಗೆ ಹೋದ.

ಸುಬಿ ಬೂಟನ್ನು ಬಗಲಲ್ಲಿಟ್ಟುಕೊಂಡು ರಾತ್ರಿಯ ಗೆಣಸು ತಿನ್ನುತ್ತಿದ್ದಳು. ತಟ್ಟೆ ಆಗಲೇ ಅರ್ಧ ಖಾಲಿಯಾಗಿತ್ತು. ಅತ್ತ ಗುರುತು ಮುಖದಲ್ಲೆಲ್ಲೂ ಇರಲಿಲ್ಲ.

"ತಗೋ ತಾಯಿ," ಎಂದು ಕಯೊಂಡೊ ಹುಂಜವನ್ನು ಕಿಂಡಿಯೊಳಗೆ ತಳ್ಳಿದ. "ನಿನಗೋಸ್ಕರ ನನ್ನ ಮದುವೆ ಬಿಟ್ಟು ಬಂದಿದೀನಿ. ಇಟ್ಕೋ."

ಸುಬಿ ಹುಂಜವನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಬಾಲದಲ್ಲಿ ಇನ್ನು ಕೀಳಲು ಏನೂ ಉಳಿದಿರಲಿಲ್ಲ. ಅವಳ ಕಣ್ಣು ಕಯೊಂಡೊನನ್ನು ದಾಟಿ, ಮೆಟ್ಟಿಲ ಬಳಿ ಬೆಳಗಿನಿಂದ ಬಿದ್ದಿದ್ದ ಬಲಗಾಲಿನ ಬೂಟಿನ ಮೇಲೆ ನಿಂತಿತು. ಪದ್ಧತಿ ಅವಳಿಗೆ ಒಂದೇ ದಿನದಲ್ಲಿ ಚೆನ್ನಾಗಿ ಅರ್ಥವಾಗಿಬಿಟ್ಟಿತ್ತು. ಹುಂಜವನ್ನು ಮೆಲ್ಲಗೆ ಕಿಂಡಿಯಿಂದ ಹೊರಗೆ ನೂಕಿ ಅವನ ಮಡಿಲಿಗೆ ಹಾಕಿ, ಬೂಟಿನ ಕಡೆ ಕೈ ಚಾಚಿದಳು.

ಕಯೊಂಡೊ ಬೂಟು ತಂದು ಕೊಟ್ಟ.