ನಮ್ಮನೆಯ ಮಲಾವಿ

ಭಾಗಾಕಾರದಷ್ಟು ಕರುಣಾಳು ಲೆಕ್ಕ ಇನ್ನೊಂದಿಲ್ಲವೆಂದು ನಂಬಿದ್ದವನು ನಾನು. ಎಂಥ ಪಾಪವನ್ನಾದರೂ ತಲೆಗಳಿಂದ ಭಾಗಿಸಿಬಿಟ್ಟರೆ ಹೊರುವಷ್ಟು ಹಗುರವಾಗುತ್ತದೆ. ಹೊಸನಗರದ ಕಾಲೇಜಿನಲ್ಲಿ ಭೂಗೋಳ ಹೇಳಿ ಹೇಳಿ ಕೂದಲು ಕಳೆದುಕೊಂಡ ನನಗೆ ಪ್ರತಿವರ್ಷ ಈ ಭಾಗಾಕಾರದ ಪಾಠ ಎದುರಾಗುತ್ತದೆ. ಹಸಿರುಮನೆ ಅನಿಲ ಯಾವ ದೇಶದಲ್ಲಿ ತಲೆಗೆಷ್ಟು ಎಂಬುದು ವಿಷಯ. ನನ್ನ ಉದಾಹರಣೆ ಆಫ್ರಿಕದ ಎರಡು ದೇಶಗಳು: ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ದಕ್ಷಿಣ ಆಫ್ರಿಕ, ಬಹುಪಾಲು ಮನೆಗಳು ಕರೆಂಟನ್ನೇ ಕಾಣದ ಮಲಾವಿ. ಮೊದಲನೆಯದರ ಒಬ್ಬನ ಪಾಲನ್ನು ಎರಡನೆಯದರ ಒಂದು ಮನೆಮಂದಿಗೆ ಹಂಚಬಹುದು. ಬಸ್ಸಿನ ಹೊತ್ತಾದರೆ ನನ್ನ ವಿದ್ಯಾರ್ಥಿಗಳಿಗೆ ಯಾವ ಖಂಡವೂ ಕಾಣುವುದಿಲ್ಲವಾದ್ದರಿಂದ, ಎದ್ದು ಹೋಗಲಾಗದ ಒಬ್ಬಳೇ ವಿದ್ಯಾರ್ಥಿನಿಗೆ ಮನೆಯಲ್ಲೂ ಅದೇ ಪಾಠ ಮಾಡುತ್ತಿದ್ದೆ.

ಅವಳು ನನ್ನ ಸೋದರತ್ತೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ನಮ್ಮದು ಇಬ್ಬರದೇ ಮನೆ. ಬೆಳಗಾದರೆ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಊದುಗೊಳವೆಯಲ್ಲಿ ಊದಿ ಊದಿ, ನನಗೆ ಹಂಡೆತುಂಬ ಬಿಸಿನೀರು ಕಾಯಿಸುತ್ತಿದ್ದಳು. ಒಂದು ದಿನ ಉಸಿರೇ ಕಟ್ಟಿತು. ಸಾಗರದ ಡಾಕ್ಟರು ಎಕ್ಸ್‌ರೇ ನೋಡಿ, "ಬೀಡಿ ಸೇದ್ತಿದ್ರಾ ಅಮ್ಮಾ?" ಎಂದರು. ಅತ್ತೆ ಕೆರಳಿದಳು. "ಬೀಡಿ ಸೇದೋಕೆ ನಾನೆಂತ ಲಾರಿ ಡ್ರೈವರ್ರಾ?"

ಹಾಸಿಗೆ ಹಿಡಿದವಳ ಬೇಸರ ಕಳೆಯಲು ನಾನು, "ನೋಡತ್ತೆ, ಕಾರು, ಫ್ರಿಜ್ಜು, ಎಲ್ಲಾ ನಂದು. ನಾನು ದಕ್ಷಿಣ ಆಫ್ರಿಕ. ನೀನು ಮಲಾವಿ. ನಿನ್ನಿಂದ ನಮ್ಮನೆ ಸರಾಸರಿಯ ಮಾನ ಉಳ್ದಿದೆ" ಎಂದೆ.

"ಅಲ್ಲಿ ಹೆಂಗಸ್ರು ಎಂತದ್ರಲ್ಲಿ ಅಡಿಗೆ ಮಾಡ್ತಾರೆ?"

"ಸೌದೆ, ಇದ್ಲು."

"ಹಂಗಾದ್ರೆ ಅವ್ರಿಗೂ ದಮ್ಮು ಇರ್ತದಲ್ಲೋ ಪುಟ್ಟಾ?"

"ಅದು ಈ ಲೆಕ್ಕದಲ್ಲಿ ಬರಲ್ಲ."

"ಎಂತ ಲೆಕ್ಕನೋ ನಿಂದು, ಸುಡ್ಲಿ!" ಎಂದಳು. ಆದರೂ ಹೊಗಳಿಕೆ ಹಿಡಿಸಿತ್ತು. ನೋಡಲು ಬಂದವರಿಗೆಲ್ಲ, "ನಾನು ಮಲಾವಿ. ಇಂವ ಕಲ್ಲಿದ್ದಲು" ಎಂದು ಈ ಐವತ್ತರ ಪುಟ್ಟನನ್ನು ಪರಿಚಯಿಸತೊಡಗಿದಳು.

ಮಳೆಗಾಲಕ್ಕೆ ಆಮ್ಲಜನಕದ ಯಂತ್ರವೇ ಬೇಕಾಯಿತು. ಜೋಗದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಮನೆ ಮುಟ್ಟುವಷ್ಟರಲ್ಲಿ ತಂತಿಯ ಮೇಲೆ ಮರ ಬಿದ್ದಿರುತ್ತದೆ. ಡೀಸೆಲ್ ಜನರೇಟರ್ ತಂದೆ. ಕಾಲೇಜಿಗೆ ರಜೆ ಹಾಕಿ ಅದನ್ನು ಕಾಯುತ್ತ ಕೂತೆ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬರುತ್ತೇನೆ, ಹೊರಗೆ ಜನರೇಟರ್ ಗುಡುಗುಡು ಎನ್ನುತ್ತಿದೆ, ಒಳಗೆ ಆಮ್ಲಜನಕದ ಯಂತ್ರದ ಸ್ವಿಚ್ಚು ಆರಿಸಿದೆ. ಮೂಗಿನ ಕೊಳವೆ ಅತ್ತೆಯ ಮಡಿಲಲ್ಲಿದೆ. ತುಟಿ ನೇರಳೆ ಹಣ್ಣು ತಿಂದವಳ ಹಾಗೆ.

"ಸಾಯ್ಬೇಕು ಅಂತ ಮಾಡಿದ್ಯಾ?" ಎಂದು ಕೂಗಾಡುತ್ತಲೇ ಕೊಳವೆ ಸಿಕ್ಕಿಸಹೋದೆ. ಅವಳು ಕೈ ತಡೆದಳು.

"ಎಷ್ಟು ಹೊಗೆ ನೋಡೋ ಅದು... ನನ್ನ ದೆಸೆಯಿಂದ... ನಿನ್ನ ಲೆಕ್ಕ ಹಾಳಾಗ್ತದೆ."

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಅತ್ತುಬಿಟ್ಟೆ. "ಈ ಹೊಗೆ ನಂದು, ಅತ್ತೆ. ಇಷ್ಟು ವರ್ಷ ನನ್ನ ಸ್ನಾನದ ಹೊಗೆ ನೀನು ಕುಡ್ದೆಯಲ್ಲ."

"ಹಂಗಾದ್ರೆ ನಾನಿನ್ನೂ ಮಲಾವಿನಾ?"

"ಮಲಾವಿನೇ."

ಆಮೇಲೆ ಕೊಳವೆ ಹಾಕಿಸಿಕೊಂಡಳು. ಮಳೆ ಕಳೆದು ಗದ್ದೆಗೆ ಪೂಜೆಯಾಗುವ ಭೂಮಿ ಹುಣ್ಣಿಮೆಯವರೆಗೆ ಇದ್ದಳು. ಬೂದಿಯನ್ನು ತೀರ್ಥಹಳ್ಳಿಯ ತುಂಗೆಯಲ್ಲಿ ಬಿಟ್ಟು ಬಂದೆ.

ಈಗ ಬಚ್ಚಲೊಲೆ ಊದುವವನು ನಾನೇ. ಕೆಮ್ಮು ಶುರುವಾಗಿದೆ. ತರಗತಿಯಲ್ಲಿ ಅದೇ ಪಾಠ, ಅದೇ ಎರಡು ದೇಶ. ಒಟ್ಟು ಹೊಗೆಯನ್ನು ತಲೆಗಳಿಂದ ಭಾಗಿಸಿ ಎಂದು ಮಕ್ಕಳಿಗೆ ಹೇಳಿ, ಮನೆಗೆ ಬಂದು ನನ್ನ ಲೆಕ್ಕಕ್ಕೆ ಕೂರುತ್ತೇನೆ. ಒಂದರಿಂದ ಭಾಗಿಸಿದರೆ ಏನೂ ಕಡಿಮೆಯಾಗುವುದಿಲ್ಲ.