ಕೈತೂಕದ ಬ್ಯಾಟರಿ

ನನ್ನ ತಮ್ಮ ನನ್ನಿಂದ ಬೇಕೆಂದು ಕೇಳಿದ್ದು ಜನ್ಮದಲ್ಲಿ ಒಂದೇ ವಸ್ತು. ಅದನ್ನು ನಾನು ತಂದುಕೊಡಲಿಲ್ಲ. ಸಿಗಲಿಲ್ಲ ಎಂದಲ್ಲ. ಸಿಕ್ಕಿತ್ತು, ಕೈಯಲ್ಲಿ ಹಿಡಿದೂ ನೋಡಿದೆ, ನೋಡಿಯೇ ಕೆಳಗಿಟ್ಟೆ. ನಾಲ್ಕನೆಯ ಕ್ಲಾಸು ದಾಟದವನು ದೊಡ್ಡ ತಪ್ಪು ಮಾಡಲಾರ ಎಂದು ಜನ ನಂಬುತ್ತಾರೆ. ದೊಡ್ಡ ತಪ್ಪಿಗೆ ಓದು ಬೇಕು, ಕುರ್ಚಿ ಬೇಕು, ಸಹಿ ಹಾಕುವ ಅಧಿಕಾರ ಬೇಕು ಎಂದು ಅವರ ಎಣಿಕೆ. ನನಗೆ ಒಂದು ಬಟ್ಟೆಯ ಚೀಲ ಸಾಕಾಯಿತು.

ಎರ್ನಾಕುಲಂನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವುದು, ಬೆಳಿಗ್ಗೆ ತರಕಾರಿ ತರುವುದು ನನ್ನ ಕೆಲಸ. ತೆಂಗಿನಕಾಯಿ, ಸುವರ್ಣಗಡ್ಡೆ, ಕುಂಬಳಕಾಯಿ ಎಲ್ಲವನ್ನೂ ನಾನು ಅಂಗೈಯಲ್ಲಿ ತೂಗಿ ಆರಿಸುತ್ತೇನೆ. ಭಾರ ಇದ್ದದ್ದು ಒಳ್ಳೆಯದು, ಹಗುರ ಇದ್ದದ್ದು ಒಳಗೆ ಟೊಳ್ಳು. ಬದನೆಕಾಯಿಗೆ ಈ ನಿಯಮ ಹೊಂದುವುದಿಲ್ಲ, ಆದ್ದರಿಂದ ಬದನೆಕಾಯಿಯ ವಿಷಯ ನಾನು ಹೆಚ್ಚು ಮಾತಾಡುವುದಿಲ್ಲ. ತಮ್ಮ ವಾಸು ಓದಿದವನು. ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ರಾಕೆಟ್ಟಿನದೇನೋ ಕೆಲಸ. ಏನು ಎಂದು ನನಗೆ ತಿಳಿಯದಿದ್ದರೂ ಗಿರಾಕಿಗಳಿಗೆ ವಿವರವಾಗಿ ಹೇಳುತ್ತಿದ್ದೆ. ತಮ್ಮ ಓದಲಿ ಎಂದು ಅಣ್ಣ ಶಾಲೆ ಬಿಟ್ಟ ಎಂಬ ಮಾತನ್ನು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಆಗ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ, ತ್ಯಾಗ ಮಾಡಿದವರು ಕೂರುವ ಹಾಗೆ. ಅದು ನಿಜವೇ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಆದರೆ ಆ ಒಂದು ಮಾತಿನಿಂದಾಗಿ ವಾಸು ನನಗೆ ಎಂದೂ ಎದುರು ಹೇಳಿದವನಲ್ಲ.

ಎಪ್ಪತ್ತರ ದಶಕದ ಕೊನೆಗೆ ಅವರ ಆಫೀಸಿನ ಕೆಲವರಿಗೆ ರೇಡಿಯೋ ಕಾರಿನ ಹುಚ್ಚು ಹಿಡಿಯಿತು. ಮೊಳದುದ್ದದ ಆಟದ ಕಾರು, ದಪ್ಪ ರಬ್ಬರಿನ ಚಕ್ರ, ತಂತಿಯ ಸಂಬಂಧವೇ ಇಲ್ಲ. ಉದ್ದ ಆಂಟೆನಾ ಇರುವ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ದೂರದಿಂದಲೇ ಓಡಿಸಬೇಕು. ವಿದೇಶಕ್ಕೆ ಹೋದವರೊಬ್ಬರು ತಂದುಕೊಟ್ಟ ಬಿಡಿಭಾಗಗಳನ್ನು ವಾಸು ಸಂಜೆ ಸಂಜೆ ಕೂತು ಜೋಡಿಸಿದ್ದ. ಅವನದು ಮೊದಲಿನಿಂದಲೂ ಮಾತು ಕಡಿಮೆ. ಅಷ್ಟು ವರ್ಷ ಇದ್ದರೂ ಕ್ವಾರ್ಟರ್ಸಿನಲ್ಲಿ ಅವನ ಬಾಗಿಲು ತಟ್ಟಿದವರಿಲ್ಲ. ಕಾರು ತಯಾರಾಗುತ್ತಿದೆ ಎಂದ ಮೇಲೆ ಜನ ಬರತೊಡಗಿದರು, ಚಹಾ ಕುಡಿದರು, ಹೆಸರು ಹಿಡಿದು ಕರೆದರು. ಭಾನುವಾರ ಮೈದಾನದಲ್ಲಿ ಪಂದ್ಯ. ಬ್ಯಾಟರಿಯೊಂದು ಬಾಕಿ. ಅದು ಸಿಗುವುದು ಕೊಚ್ಚಿಯಲ್ಲಿ, ಹಡಗಿನಿಂದಿಳಿದ ಸಾಮಾನು ಮಾರುವ ಅಂಗಡಿಯಲ್ಲಿ ಮಾತ್ರ.

ಹೋಟೆಲಿಗೆ ಟ್ರಂಕ್ ಕಾಲ್ ಬಂತು. "ಅಣ್ಣ, ಸಣ್ಣ ಸೆಲ್ಲುಗಳನ್ನು ಬೀಡಿಕಟ್ಟಿನ ಹಾಗೆ ಸೇರಿಸಿ ಕಟ್ಟಿರ್ತಾರೆ. ಹಗುರ ಇರ್ತದೆ. ಅದೇ ಬೇಕು. ಭಾರದ್ದು ಬೇಡ, ನೆನಪುಂಟಲ್ಲ?"

"ನನಗೆ ಖರೀದಿ ಕಲಿಸ್ಬೇಡ ಮಾರಾಯ" ಎಂದೆ.

ಮಂಗಳವಾರ ಪಕ್ಕದ ಕೊಚ್ಚಿಯ ಮಟ್ಟಾಂಚೇರಿಗೆ ಹೋದೆ. ಅಂಗಡಿಯವನು ಎರಡು ಬ್ಯಾಟರಿ ಇಟ್ಟ. ಒಂದು ವಾಸು ಹೇಳಿದ ಬೀಡಿಕಟ್ಟು. ಇನ್ನೊಂದು ಇಟ್ಟಿಗೆಯಂಥದ್ದು, ಹಡಗಿನ ದೀಪಕ್ಕೆ ಬಳಸುವಂಥದ್ದಂತೆ. ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ತೂಗಿದೆ.

"ಸ್ವಾಮೀ, ಓಡುವ ಕಾರಿಗಾದರೆ ಇದು ಮದಿ" ಎಂದು ಅವನು ಬೀಡಿಕಟ್ಟನ್ನು ತೋರಿಸಿದ. ಇದು ಸಾಕು ಎಂದರ್ಥ. ಗಿರಾಕಿಗೆ ಸಾಕು ಎಂದು ಹೇಳುವ ವ್ಯಾಪಾರಿಯನ್ನು ನಂಬುವಷ್ಟು ಎಳಸು ನಾನಲ್ಲ. ಅದೂ ಪೂರ್ತಿ ನಿಜವಲ್ಲ. ತಮ್ಮ ಹೇಳಿದ್ದನ್ನೇ ತಂದುಕೊಟ್ಟರೆ ನಾನು ಸಾಮಾನು ಹೊತ್ತು ತಂದವನು. ಅವನಿಗೆ ಗೊತ್ತಿಲ್ಲದ ಒಳ್ಳೆಯದನ್ನು ತಂದುಕೊಟ್ಟರೆ ಅಣ್ಣ. ಇಟ್ಟಿಗೆಯನ್ನು ಚೀಲಕ್ಕೆ ಹಾಕಿಸಿಕೊಂಡೆ.

ಶನಿವಾರ ರಜೆ ಸಿಕ್ಕಿತು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ತಿರುವನಂತಪುರದಲ್ಲಿ ಇಳಿಯುವಾಗ ತೊಡೆ ಜೋಮು ಹಿಡಿದಿತ್ತು. ಇಷ್ಟು ಭಾರ ಇದ್ದರೆ ಎಷ್ಟು ಓಡಬಹುದು ಎಂದು ಆಗಲೂ ಹೆಮ್ಮೆಯೇ. ವಾಸು ಚೀಲದ ಬಾಯಿ ಬಿಚ್ಚಿದ, ಒಳಗೆ ನೋಡಿದ.

"ಸಣ್ಣದು ಇರ್ಲಿಲ್ವಾ ಅಣ್ಣ?"

"ಇರ್ಲಿಲ್ಲ" ಎಂದೆ.

ತಯಾರಿ ಮಾಡಿ ಹೇಳಿದ ಸುಳ್ಳಲ್ಲ, ಬಾಯಿಗೆ ಅದೇ ಮೊದಲು ಬಂತು. ಅವನು ನಂಬಿದ. ಇಟ್ಟಿಗೆಗೆ ಜಾಗ ಮಾಡಲು ಕಾರಿನ ಬೆನ್ನು ಕೊಯ್ದ, ಸ್ಪ್ರಿಂಗು ಬಿಗಿ ಮಾಡಿದ, ಊಟಕ್ಕೆ ಕರೆದರೆ ಬರಲಿಲ್ಲ. ನಾನು ಉಂಡೆ.

ಪಂದ್ಯದಲ್ಲಿ ಉಳಿದ ಕಾರುಗಳು ಇಲಿಯ ಹಾಗೆ ಓಡಿದವು. ನಮ್ಮದು ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತ, ಊಟ ಹೆಚ್ಚಾದ ಭಟ್ಟರ ಹಾಗೆ ಹೋಯಿತು. ಮೊದಲ ತಿರುವಿನಲ್ಲಿ ಮಗುಚಿ ಮುಂದಿನ ಆಕ್ಸಲ್ ಮುರಿಯಿತು. "ವಾಸು, ಒಳಗೆ ಏನಿದೆ, ಅರೆಯುವ ಕಲ್ಲಾ?" ಎಂದು ಯಾರೋ ಕೂಗಿದರು. ಚಹಾ ಕುಡಿದು ಹೋದವರೆಲ್ಲ ನಕ್ಕರು. ಗೆದ್ದವನು ವಾಸುವಿನ ಪಕ್ಕದ ಮೇಜಿನ ಕುರಿಯನ್. ನಾನು ಕೊಚ್ಚಿಯ ಹೋಟೆಲಿನವನೆಂದು ತಿಳಿದು ಖುಷಿಯಾಗಿ ಹತ್ತಿರ ಬಂದ.

"ನನ್ನ ಬ್ಯಾಟರಿಯೂ ನಿಮ್ಮ ಕೊಚ್ಚಿಯದ್ದೇ ಸ್ವಾಮೀ. ಗುರುವಾರ ಮಟ್ಟಾಂಚೇರಿಯಲ್ಲಿ ಸಿಕ್ಕಿತು. ಇದ್ದದ್ದೇ ಒಂದು. ಯಾರೋ ಒಬ್ಬ ಹೋಟೆಲ್ ಸ್ವಾಮಿ ತೆಂಗಿನಕಾಯಿಯ ಹಾಗೆ ಕೈಯಲ್ಲಿ ತೂಗಿ, ಬೇಡ ಅಂತ ಇಟ್ಟು ಹೋದನಂತೆ. ನನ್ನ ಅದೃಷ್ಟ."

ವಾಸು ಪಕ್ಕದಲ್ಲೇ ಬಗ್ಗಿ ಕಳಚಿದ ಚಕ್ರ ಹೆಕ್ಕುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಕುರಿಯನ್‌ಗೆ, "ನನ್ನ ಲೆಕ್ಕವೇ ತಪ್ಪಿತು" ಎಂದ. ನನ್ನನ್ನು ಏನೂ ಕೇಳಲಿಲ್ಲ. ತನಗಾಗಿ ಶಾಲೆ ಬಿಟ್ಟ ಅಣ್ಣನನ್ನು ಕೇಳುವುದು ಹೇಗೆ? ಕಾರು ಮಂಚದ ಕೆಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಬಾಗಿಲು ತಟ್ಟುವವರೂ ನಿಂತರು. ಹೊರಡುವಾಗ ಇಟ್ಟಿಗೆಯನ್ನು ಅದೇ ಚೀಲದಲ್ಲಿ ಹಾಕಿಕೊಟ್ಟ. "ಹೋಟೆಲಿಗೆ ಆಗ್ತದೆ, ತೆಗೊಂಡು ಹೋಗು."

ನಿಜವಾಗಿಯೂ ಆಯಿತು. ಗಲ್ಲಾದ ಮೇಲೆ ಒಂದು ಸಣ್ಣ ದೀಪ ಕಟ್ಟಿ ಅದಕ್ಕೆ ಜೋಡಿಸಿದೆವು. ಕರೆಂಟು ಹೋದಾಗಲೆಲ್ಲ ಇಡೀ ಹೋಟೆಲಿನಲ್ಲಿ ನನ್ನ ಮುಖವೊಂದೇ ಕಾಣುತ್ತಿತ್ತು. "ನಲ್ಲ ಬ್ಯಾಟರಿ, ಸ್ವಾಮೀ", ಒಳ್ಳೆಯ ಬ್ಯಾಟರಿ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ಚಿಲ್ಲರೆಯ ಜೊತೆ ಎಣಿಸಿಕೊಂಡು ಕೆಲವು ವರ್ಷ ಕೂತೆ.

ಕಳೆದ ತಿಂಗಳು ವಾಸು ಆಫೀಸಿನ ಕೆಲಸಕ್ಕೆ ಕೊಚ್ಚಿಗೆ ಬಂದವನು ಹೋಟೆಲಿಗೂ ಬಂದ. ಗಲ್ಲಾದ ಹತ್ತಿರದ ಮೇಜಿನಲ್ಲಿ ದೋಸೆ ಮುರಿಯುತ್ತಿದ್ದಾಗ ಕರೆಂಟು ಹೋಯಿತು. ನನ್ನ ಮುಖ ಬೆಳಗಿತು. ಅವನು ಬ್ಯಾಟರಿಯನ್ನು ನೋಡಿದ, ನನ್ನನ್ನು ನೋಡಿದ.

"ಇನ್ನೂ ಗಟ್ಟಿ ಉಂಟಲ್ಲ. ಒಳ್ಳೆಯದನ್ನೇ ಆರಿಸಿದ್ದಿ ಅಣ್ಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದೆ, ಮೊದಲು ದೀಪ ಆರಿಸಿದೆ. ಬೆಳಕಿನಲ್ಲಿ ಹೇಳುವಷ್ಟು ಗಂಡಸು ನಾನಲ್ಲ. ಗಿರಾಕಿಗಳು ಗಲಾಟೆ ಎಬ್ಬಿಸಿದರು, ಯಾರದೋ ಸಾಂಬಾರು ಚೆಲ್ಲಿತು. ತಡಕಾಡುತ್ತ ಅವನ ಮೇಜಿನ ಹತ್ತಿರ ಹೋಗಿ ನಿಂತೆ.

"ವಾಸು, ಸಣ್ಣದು ಇತ್ತು. ಕೈಯಲ್ಲಿ ಹಿಡಿದು ಬಿಟ್ಟು ಬಂದೆ, ನಿನ್ನ ಹತ್ತಿರ ಸುಳ್ಳು ಹೇಳಿದೆ. ಶಾಲೆ ಬಿಟ್ಟದ್ದೂ ನಿನಗಾಗಿ ಅಲ್ಲ, ಮಗ್ಗಿ ಬಾರದೆ ಮಾಷ್ಟ್ರ ಬೆತ್ತಕ್ಕೆ ಹೆದರಿ. ತಪ್ಪಾಯ್ತು ಮಾರಾಯ. ಎರಡಕ್ಕೂ ತಪ್ಪಾಯ್ತು."